ಗಲ್ಲಿನ ಕಡತ ಮತ್ತೆ ತೆರೆದಾಗ: ಸುಪ್ರೀಂ ಕೋರ್ಟಿನ ಪುನರ್‌ಪರಿಶೀಲನೆಯ ಕಥೆ

ಸುಪ್ರೀಂ ಕೋರ್ಟು ಕೆಲಸ ಶುರು ಮಾಡಿದ್ದು 1950ರ ಜನವರಿ 28ರಂದು, ದೇಶ ಗಣರಾಜ್ಯವಾಗಿ ಎರಡು ದಿನಕ್ಕೆ, ಸಂಸತ್ ಭವನದ ರಾಜರ ಸಭಾಂಗಣದಲ್ಲಿ. ತಿಲಕ್ ಮಾರ್ಗದ ಈಗಿನ ಕಟ್ಟಡಕ್ಕೆ ಅದು ಬಂದದ್ದು 1958ರಲ್ಲಿ. ಎಪ್ಪತ್ತೈದು ತುಂಬಿದ ನೆನಪಿಗೆ ಹೊರಡುತ್ತಿರುವ ಈ ಸಂಚಿಕೆಗೆ ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದಂಥ ದೊಡ್ಡ ತೀರ್ಪುಗಳ ಬಗ್ಗೆ ಬರೆಯುವವರು ಇದ್ದೇ ಇರುತ್ತಾರೆ. ನಾನು ಆರಿಸಿಕೊಂಡಿರುವುದು ಕೋರ್ಟಿನ ನಿಯಮಾವಳಿಯ ಒಂದು ಪುಟವನ್ನು: ತಾನೇ ಕೊಟ್ಟ ತೀರ್ಪನ್ನು ಕೋರ್ಟು ಮತ್ತೊಮ್ಮೆ ನೋಡುವುದು ಹೇಗೆ ಎಂಬ ಪುಟ. ಸಿವಿಲ್ ವ್ಯಾಜ್ಯದಲ್ಲಿ ಆ ಪುಟದಿಂದ ಒಂದು ಜಮೀನು ಉಳಿದೀತು, ಹೋದೀತು. ಗಲ್ಲುಶಿಕ್ಷೆಯ ಪ್ರಕರಣದಲ್ಲಿ ಅದನ್ನು ನಂಬಿಕೊಂಡು ಒಬ್ಬ ಮನುಷ್ಯನ ಜೀವ ಇರುತ್ತದೆ. ಗಲ್ಲಿನ ಕೋಣೆಯವರೆಗೆ ಹೋಗಿ, ಕೊನೆಗೆ ತಪ್ಪಿಲ್ಲವೆಂದು ಹೊರಬಂದವರ ಬದುಕು ಈ ಪುಟಕ್ಕೆ ಆದ ತಿದ್ದುಪಡಿಗಳ ಜೊತೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆ ಎಂಬುದನ್ನು ನಾವು ವಕೀಲರೇ ಸಾಕಷ್ಟು ಗಮನಿಸಿಲ್ಲ.

ದಾರಿಯ ಮೊದಲ ಭಾಗ ಎಲ್ಲರಿಗೂ ಗೊತ್ತಿರುವಂಥದು. ಸೆಷನ್ಸ್ ನ್ಯಾಯಾಧೀಶರು ಗಲ್ಲು ಎಂದಮಾತ್ರಕ್ಕೆ ಅದು ಜಾರಿಯಾಗುವುದಿಲ್ಲ. ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ಅದನ್ನು ದೃಢಪಡಿಸಬೇಕು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 366ನೇ ಕಲಂ ಆಗಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 407ನೇ ಕಲಂ ಆಗಿದೆ. ಅಲ್ಲಿಂದ ಮುಂದೆ ದಾರಿ ಕಿರಿದಾಗುತ್ತದೆ. ಖುಲಾಸೆಯಾಗಿದ್ದವನಿಗೆ ಹೈಕೋರ್ಟು ಗಲ್ಲು ವಿಧಿಸಿದರೆ ಸಂವಿಧಾನದ 134ನೇ ವಿಧಿಯಡಿ ದೆಹಲಿಗೆ ಹೋಗುವುದು ಆತನ ಹಕ್ಕು. ಕೆಳಗಿನ ಕೋರ್ಟು ಕೊಟ್ಟ ಗಲ್ಲನ್ನೇ ಹೈಕೋರ್ಟು ಎತ್ತಿಹಿಡಿದರೆ ಹಾಗಲ್ಲ, ಸಾಮಾನ್ಯವಾಗಿ 136ನೇ ವಿಧಿಯ ವಿಶೇಷ ಅನುಮತಿ ಬೇಡಬೇಕು. ಆ ಅನುಮತಿಯನ್ನು ಕಾರಣ ಹೇಳದೆ ಒಂದೇ ಸಾಲಿನಲ್ಲಿ ನಿರಾಕರಿಸಿದ್ದೂ ಉಂಟು. ಗಲ್ಲಿನ ಪ್ರಕರಣದಲ್ಲಿ ಹಾಗೆ ಮಾಡಬಾರದು ಎಂದು ಕೋರ್ಟು ಬಾಯಿಬಿಟ್ಟು ಹೇಳಿದ್ದು 2018ರ ನವೆಂಬರ್ 1ರಂದು, ಬಾಬಾಸಾಹೇಬ್ ಮಾರುತಿ ಕಾಂಬ್ಳೆ ಪ್ರಕರಣದಲ್ಲಿ. ಅಷ್ಟು ಹೊತ್ತಿಗೆ ಕೋರ್ಟಿಗೆ ಅರವತ್ತೆಂಟು ವರ್ಷ ಕಳೆದಿತ್ತು.

ತನ್ನದೇ ಕಡತವನ್ನು ತಾನು ನೋಡದಿದ್ದರೆ ಎಂಥ ಅನಾಹುತವಾಗುತ್ತದೆ ಎಂಬುದು ಕೋರ್ಟಿಗೆ ಮೊದಲು ಅರಿವಾದದ್ದು ಹರಬಂಸ್ ಸಿಂಗ್ ಪ್ರಕರಣದಲ್ಲಿ. ಉತ್ತರ ಪ್ರದೇಶದ ಒಂದೇ ಕೊಲೆ ಪ್ರಕರಣದಲ್ಲಿ, ಒಂದೇ ಬಗೆಯ ಪಾತ್ರಕ್ಕಾಗಿ ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರಬಂಸ್ ಸಿಂಗ್ ಎಂಬ ಮೂವರಿಗೆ ಗಲ್ಲಾಯಿತು. ಮೂವರೂ ಬೇರೆಬೇರೆಯಾಗಿ ದೆಹಲಿಯ ಕದ ತಟ್ಟಿದರು, ಬೇರೆಬೇರೆ ಪೀಠಗಳ ಮುಂದೆ ನಿಂತರು. ಜೀತಾ ಸಿಂಗರ ಅರ್ಜಿ 1976ರಲ್ಲಿ ವಜಾ ಆಯಿತು. 1977ರಲ್ಲಿ ಕಶ್ಮೀರಾ ಸಿಂಗರ ಶಿಕ್ಷೆ ಜೀವಾವಧಿಗೆ ಇಳಿಯಿತು. 1978ರಲ್ಲಿ ಹರಬಂಸ್ ಸಿಂಗರ ಅರ್ಜಿ ವಜಾ ಆಯಿತು. ಜೊತೆಗಾರನೊಬ್ಬನ ಜೀವ ಉಳಿದಿದೆ ಎಂಬ ಸಂಗತಿ ಉಳಿದಿಬ್ಬರ ಪ್ರಕರಣದಲ್ಲಿ ನ್ಯಾಯಮೂರ್ತಿಗಳ ಗಮನಕ್ಕೆ ಬರಲೇ ಇಲ್ಲ. 1981ರ ಅಕ್ಟೋಬರ್ 6ರಂದು ಇಬ್ಬರನ್ನೂ ಗಲ್ಲಿಗೇರಿಸುವುದೆಂದು ನಿಗದಿಯಾಯಿತು. ಹರಬಂಸ್ ಕೊನೆಗಳಿಗೆಯಲ್ಲಿ ರಿಟ್ ಅರ್ಜಿ ಹಾಕಿ ತಡೆ ತಂದರು. ಜೀತಾ ಸಿಂಗ್ ಹಾಕಲಿಲ್ಲ, ಅಂದೇ ಗಲ್ಲಿಗೇರಿದರು.

ಇಲ್ಲಿ ಪ್ರಶ್ನೆ ಅಪರಾಧ ಮಾಡಿದರೋ ಇಲ್ಲವೋ ಎಂಬುದಲ್ಲ, ಶಿಕ್ಷೆಯದು. ಆದರೂ ಇದನ್ನು ಮೊದಲು ಹೇಳಬೇಕು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ 1982ರಲ್ಲಿ ಹರಬಂಸ್ ಅವರ ಶಿಕ್ಷೆ ಇಳಿಸುವಂತೆ ರಾಷ್ಟ್ರಪತಿಗೆ ಶಿಫಾರಸು ಮಾಡಿತು. ಅಷ್ಟಕ್ಕೆ ನಿಲ್ಲದೆ, ಸಹ ಅಪರಾಧಿಯ ಗಲ್ಲು ಇಳಿದಿದ್ದರೆ ಅದನ್ನು ಪೀಠದ ಗಮನಕ್ಕೆ ತರುವ ಹೊಣೆಯನ್ನು ರಿಜಿಸ್ಟ್ರಿಗೆ ಹೊರಿಸಿತು. ಗಲ್ಲಿಗೇರಿಸುವ ಮುನ್ನ ಇದನ್ನು ಖಚಿತ ಮಾಡಿಕೊಳ್ಳಬೇಕೆಂದು ಜೈಲು ಸೂಪರಿಂಟೆಂಡೆಂಟರಿಗೂ ಹೇಳಿತು. ಇದೊಂದು ಗುಮಾಸ್ತಿಕೆಯ ನಿಯಮ ಎನ್ನಿಸಬಹುದು. ಆದರೆ ಕೋರ್ಟು ತನ್ನಿಂದಲೂ ತಪ್ಪಾಗಬಹುದೆಂದು ಒಪ್ಪಿ ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡದ್ದು ಇಂಥ ಕಡೆಯೇ. ನನ್ನ ಮಟ್ಟಿಗೆ ಈ ಸಂಸ್ಥೆಯ ಚರಿತ್ರೆಯಲ್ಲಿ ಇದು ಹಲವು ಹೆಸರಾಂತ ತೀರ್ಪುಗಳಷ್ಟೇ ತೂಕದ್ದು.

ಅದೇ ಕಾಲದಲ್ಲಿ ಇನ್ನೊಂದು ಕಡೆ ಬಾಗಿಲು ಮುಚ್ಚುತ್ತಲೂ ಇತ್ತು. 1966ರ ನಿಯಮಾವಳಿಯ 40ನೇ ಆದೇಶಕ್ಕೆ 1978ರಲ್ಲಿ ತಿದ್ದುಪಡಿ ಬಂತು. ಅಂದಿನಿಂದ ಪುನರ್‌ಪರಿಶೀಲನಾ ಅರ್ಜಿಯನ್ನು ನ್ಯಾಯಮೂರ್ತಿಗಳು ಚೇಂಬರಿನಲ್ಲಿ ಕಾಗದ ಓದಿ ತೀರ್ಮಾನಿಸತೊಡಗಿದರು. ವಕೀಲರು ನಿಂತು ಮಾತಾಡುವಂತಿಲ್ಲ. ಇದಕ್ಕೆ ಸರ್ಕ್ಯುಲೇಷನ್ ಎನ್ನುತ್ತಾರೆ. 1980ರಲ್ಲಿ ಪಿ.ಎನ್. ಈಶ್ವರ ಅಯ್ಯರ್ ಪ್ರಕರಣದಲ್ಲಿ ಈ ಪದ್ಧತಿಯನ್ನು ಕೋರ್ಟೇ ಸರಿಯೆಂದಿತು. ಅರ್ಜಿಗಳು ರಾಶಿ ಬೀಳುತ್ತಿದ್ದವು ಎಂಬುದು ನಿಜ. ಆದರೆ ಗುತ್ತಿಗೆ ವ್ಯಾಜ್ಯಕ್ಕೂ ಗಲ್ಲಿಗೂ ಒಂದೇ ಅಳತೆ ಹಿಡಿದದ್ದು ಸರಿಯಲ್ಲ.

1980ರ ಮೇ 9ರ ಬಚನ್ ಸಿಂಗ್ ತೀರ್ಪು ಎಲ್ಲರೂ ಬಲ್ಲದ್ದು. ನಾಲ್ವರು ನ್ಯಾಯಮೂರ್ತಿಗಳು ಗಲ್ಲುಶಿಕ್ಷೆ ಸಂವಿಧಾನಬದ್ಧ, ಆದರೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಎಂದರು. ಐದನೆಯವರಾದ ಪಿ.ಎನ್. ಭಗವತಿ ಒಪ್ಪಲಿಲ್ಲ. 1982ರಲ್ಲಿ ಹೊರಬಂದ ಅವರ ಭಿನ್ನ ತೀರ್ಪಿನ ಒಂದು ಮುಖ್ಯ ವಾದ, ನ್ಯಾಯಾಲಯ ತಪ್ಪಬಹುದು ಮತ್ತು ಈ ತಪ್ಪನ್ನು ಆಮೇಲೆ ತಿದ್ದಲಾಗದು ಎಂಬುದು. ಬಹುಮತ ಅದನ್ನು ಮೀರಿ ನಡೆಯಿತು. ಭಗವತಿಯವರ ಆ ಮಾತು ಮಾತ್ರ ಮುಂದಿನ ನಾಲ್ಕು ದಶಕ ಕೋರ್ಟನ್ನು ಬಿಡಲಿಲ್ಲ.

ಬಚನ್ ಸಿಂಗ್ ತೀರ್ಪು ಅಪರಾಧದ ಜೊತೆಗೆ ಅಪರಾಧಿಯ ಬದುಕನ್ನೂ ನೋಡಬೇಕು ಎಂದಿತ್ತು. 1996ರಲ್ಲಿ ವರದಿಯಾದ ರಾವ್‌ಜಿ ತೀರ್ಪು ಅಪರಾಧವನ್ನಷ್ಟೇ ನೋಡಿದರೆ ಸಾಕೆಂದಿತು. ಇದು ಐವರ ಪೀಠದ ತೀರ್ಪಿಗೆ ವಿರುದ್ಧ, ಹಾಗಾಗಿ ಬೇರೆ ಪೀಠಗಳನ್ನು ಬದ್ಧಗೊಳಿಸುವ ಶಕ್ತಿ ಇಲ್ಲದ್ದು ಎಂದು ಕೋರ್ಟು ಸಂತೋಷ್ ಕುಮಾರ್ ಬರಿಯಾರ್ ಪ್ರಕರಣದಲ್ಲಿ ಒಪ್ಪಿಕೊಂಡಿತು. ಅದು 2009ರ ಮೇ ತಿಂಗಳು. ನಡುವೆ ಕಳೆದ ವರ್ಷಗಳಲ್ಲಿ ಹಲವು ಪೀಠಗಳು ರಾವ್‌ಜಿಯನ್ನೇ ನೆಚ್ಚಿ ಗಲ್ಲು ಎತ್ತಿಹಿಡಿದಿದ್ದವು. ಸ್ವತಃ ರಾವ್‌ಜಿಯನ್ನು 1996ರಲ್ಲೇ, ಅದೇ ತರ್ಕದ ಮೇಲೆ ಶಿಕ್ಷೆಯಾದ ಸುರ್ಜಾ ರಾಮ್ ಅವರನ್ನು 1997ರಲ್ಲಿ ಗಲ್ಲಿಗೇರಿಸಿ ಆಗಿತ್ತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು, ಈ ತಪ್ಪು ತೀರ್ಪಿನ ನೆರಳಲ್ಲಿ ಗಲ್ಲಿಗೆ ಕಾದಿದ್ದ 13 ಕೈದಿಗಳ ಶಿಕ್ಷೆ ಇಳಿಸುವಂತೆ ರಾಷ್ಟ್ರಪತಿಗೆ ಬರೆದರು. ಪೀಠದಿಂದ ಇಳಿದವರು ಪೀಠದ ತಪ್ಪನ್ನು ಹೀಗೆ ಬಹಿರಂಗವಾಗಿ ಎತ್ತಿ ಆಡಿದ್ದನ್ನು ಬಾರಿನಲ್ಲಿರುವ ನಾವು ಮರೆಯಬಾರದು.

ಇನ್ನು 2014. ಈ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ವರ್ಷವಿಲ್ಲ.

ಆ ವರ್ಷದ ಮೇ 16ರಂದು ದೇಶವೆಲ್ಲ ಲೋಕಸಭಾ ಚುನಾವಣೆಯ ಎಣಿಕೆ ನೋಡುತ್ತಿದ್ದಾಗ ಸುಪ್ರೀಂ ಕೋರ್ಟು ಅಕ್ಷರಧಾಮ ಪ್ರಕರಣದ ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ಎ.ಕೆ. ಪಟ್ನಾಯಕ್ ಮತ್ತು ನಮ್ಮ ವಿ. ಗೋಪಾಲಗೌಡರು, ತೀರ್ಪು ಬರೆದವರು ಗೋಪಾಲಗೌಡರು. 2002ರ ಸೆಪ್ಟೆಂಬರಿನಲ್ಲಿ ಗಾಂಧಿನಗರದ ದೇವಾಲಯದ ಮೇಲೆ ದಾಳಿ ನಡೆದು 30ಕ್ಕೂ ಹೆಚ್ಚು ಜನ ಸತ್ತಿದ್ದರು. ದಾಳಿಕೋರರಿಬ್ಬರೂ ಅಲ್ಲೇ ಹತರಾಗಿದ್ದರು. ಒಳಸಂಚು ಮಾಡಿದವರೆಂದು ಆರು ಜನರನ್ನು ಹಿಡಿದು, ಪೋಟಾ ಕೋರ್ಟು 2006ರಲ್ಲಿ ಮೂವರಿಗೆ ಗಲ್ಲು ಕೊಟ್ಟಿತ್ತು. 2010ರಲ್ಲಿ ಗುಜರಾತ್ ಹೈಕೋರ್ಟು ಅದನ್ನು ಎತ್ತಿಹಿಡಿದಿತ್ತು. ಆಧಾರವಾಗಿದ್ದದ್ದು ಪೊಲೀಸರ ಮುಂದಿನ ತಪ್ಪೊಪ್ಪಿಗೆಗಳು, ಅವನ್ನು ಆರೋಪಿಗಳು ಆಮೇಲೆ ಅಲ್ಲಗಳೆದಿದ್ದರು. ಹತರಾದ ದಾಳಿಕೋರರ ಜೇಬಿನಲ್ಲಿ ಸಿಕ್ಕವೆಂದು ಎರಡು ಉರ್ದು ಪತ್ರಗಳನ್ನೂ ಹಾಜರುಪಡಿಸಿದ್ದರು. ಗುಂಡುಗಳಿಂದ ಜರ್ಜರಿತವಾಗಿ ರಕ್ತದಲ್ಲಿ ತೊಯ್ದ ದೇಹಗಳ ಮೇಲಿದ್ದ ಆ ಪತ್ರಗಳಿಗೆ ರಕ್ತದ ಕಲೆಯೇ ಅಂಟಿರಲಿಲ್ಲ. ಎರಡು ಕೋರ್ಟುಗಳನ್ನು ದಾಟಿ ಬಂದಿದ್ದ ಈ ಅಸಂಗತಿಯನ್ನು ಗೋಪಾಲಗೌಡರು ಹಿಡಿದು ನಿಲ್ಲಿಸಿದರು. ಆರೂ ಜನ ಖುಲಾಸೆಯಾದರು. ಬಂಧನವಾಗಿ ಆಗಲೇ ಹತ್ತು ವರ್ಷ ಮೀರಿತ್ತು.

ಇದು ಮೇಲ್ಮನವಿಯ ಹಂತದಲ್ಲಿ ತಿದ್ದಿದ ತಪ್ಪು. ಸುಪ್ರೀಂ ಕೋರ್ಟೇ ತಪ್ಪು ಮಾಡಿದ್ದರೆ? ಅದಕ್ಕೆ ಉತ್ತರ ಬಂದದ್ದು 2014ರ ಸೆಪ್ಟೆಂಬರ್ 2ರಂದು, ಮೊಹಮ್ಮದ್ ಆರಿಫ್ ತೀರ್ಪಿನಲ್ಲಿ. ಗಲ್ಲಿನ ಪ್ರಕರಣಗಳ ಪುನರ್‌ಪರಿಶೀಲನೆ ಇನ್ನು ಚೇಂಬರಿನಲ್ಲಿ ಆಗತಕ್ಕದ್ದಲ್ಲ. ತೆರೆದ ಕೋರ್ಟಿನಲ್ಲಿ, ಕನಿಷ್ಠ ಮೂವರು ನ್ಯಾಯಮೂರ್ತಿಗಳ ಮುಂದೆ ವಕೀಲರು ವಾದಿಸಬೇಕು ಎಂದು ಐವರ ಪೀಠ ನಾಲ್ಕು–ಒಂದರ ಬಹುಮತದಿಂದ ಹೇಳಿತು. ಬಹುಮತದ ತೀರ್ಪು ಬರೆದವರು ರೋಹಿಂಟನ್ ನಾರಿಮನ್, ಒಪ್ಪದವರು ಚೆಲಮೇಶ್ವರ್. ವಾದಕ್ಕೆ ಕೊಟ್ಟ ಕಾಲ ಹೆಚ್ಚೆಂದರೆ 30 ನಿಮಿಷ. ಒಂದೇ ಸಂಗತಿಯನ್ನು ಓದಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಮಾನಕ್ಕೆ ಬರಬಹುದಾದ ಕಡೆ, ಮರಳಿ ಪಡೆಯಲಾಗದ ಜೀವವೊಂದಿದೆ ಎಂಬುದು ಬಹುಮತದ ತರ್ಕದ ತಿರುಳು. ಅರ್ಜಿ ವಜಾ ಆಗಿದ್ದರೂ ಗಲ್ಲು ಇನ್ನೂ ಜಾರಿಯಾಗದವರಿಗೂ ಈ ಅವಕಾಶ ಕೊಟ್ಟರು. ಅದಕ್ಕೆ ಕೆಲವೇ ದಿನ ಮೊದಲು ಜಾರಿಗೆ ಬಂದಿದ್ದ ಹೊಸ ನಿಯಮಾವಳಿ, ಗಲ್ಲಿನ ಮೇಲ್ಮನವಿಗಳನ್ನೂ ಮೂವರಿಗಿಂತ ಕಡಿಮೆ ಇರುವ ಪೀಠ ಕೇಳಬಾರದು ಎಂದಿತ್ತು. ಅಲ್ಲಿಯವರೆಗೆ ಇಬ್ಬರೇ ಸಾಕಾಗಿತ್ತು.

ಸೆಪ್ಟೆಂಬರ್ 2 ಎಂಬ ತಾರೀಖನ್ನು ನಾನು ಒತ್ತಿ ಹೇಳಲು ಕಾರಣವಿದೆ. ಆ ವಾರ ಮೀರತ್ ಜೈಲಿನಲ್ಲಿ ಸುರೇಂದ್ರ ಕೋಲಿ ಅವರ ಗಲ್ಲಿಗೆ ಸಿದ್ಧತೆ ನಡೆದಿತ್ತು. ನೋಯ್ಡಾದ ನಿಠಾರಿಯಲ್ಲಿ 2006ರ ಡಿಸೆಂಬರಿನಲ್ಲಿ ಒಂದು ಮನೆಯ ಹಿಂದಿನ ಚರಂಡಿಯಿಂದ ಮಕ್ಕಳ ಅಸ್ಥಿಗಳು ಸಿಕ್ಕಾಗ ದೇಶವೇ ನಡುಗಿತ್ತು. ಆ ಮನೆಯ ಆಳಾಗಿದ್ದವರು ಕೋಲಿ. ಒಂದು ಪ್ರಕರಣದಲ್ಲಿ ಅವರಿಗಾದ ಗಲ್ಲನ್ನು ಸುಪ್ರೀಂ ಕೋರ್ಟಿನ ಇಬ್ಬರ ಪೀಠ 2011ರ ಫೆಬ್ರುವರಿಯಲ್ಲಿ ಎತ್ತಿಹಿಡಿದಿತ್ತು. ಡೆತ್ ವಾರಂಟ್ ಹೊರಟಿತ್ತು. ಆರಿಫ್ ತೀರ್ಪು ಬಂದ ಆರನೆಯ ದಿನದ ನಡುರಾತ್ರಿ, ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಅದೇ ತೀರ್ಪನ್ನು ಕೈಯಲ್ಲಿ ಹಿಡಿದು ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರ ಮನೆ ಬಾಗಿಲಿಗೆ ಹೋದರು. ಕನ್ನಡಿಗರಾದ ದತ್ತು ಮತ್ತು ಅನಿಲ್ ದವೆ ಆ ಹೊತ್ತಿನಲ್ಲೇ ತಡೆ ಕೊಟ್ಟರು. ಗಲ್ಲಿಗೆ ಉಳಿದಿದ್ದದ್ದು ಕೆಲವೇ ಗಂಟೆ.

ಮುಂದೆ ನಡೆದದ್ದನ್ನು ನಿಧಾನವಾಗಿ ಓದಬೇಕು. ಪುನರ್‌ಪರಿಶೀಲನಾ ಅರ್ಜಿ ತೆರೆದ ಕೋರ್ಟಿನಲ್ಲಿ ವಾದವಾಗಿ ಅಕ್ಟೋಬರಿನಲ್ಲಿ ವಜಾ ಆಯಿತು. 2015ರ ಜನವರಿ 28ರಂದು ಅಲಹಾಬಾದ್ ಹೈಕೋರ್ಟು, ಕ್ಷಮಾದಾನದ ಅರ್ಜಿ ಇತ್ಯರ್ಥಕ್ಕೆ ಆದ ವಿಳಂಬದ ಕಾರಣಕ್ಕೆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2023ರ ಅಕ್ಟೋಬರಿನಲ್ಲಿ ಅದೇ ಹೈಕೋರ್ಟು ನಿಠಾರಿಯ ಇತರ 12 ಪ್ರಕರಣಗಳಲ್ಲಿ ಅವರನ್ನು ಖುಲಾಸೆ ಮಾಡಿತು. ತಪ್ಪೊಪ್ಪಿಗೆ ಬಂದದ್ದು 60 ದಿನ ಪೊಲೀಸರ ವಶದಲ್ಲಿಟ್ಟ ಮೇಲೆ, ಅಂಗಾಂಗ ವ್ಯಾಪಾರದ ಸಾಧ್ಯತೆಯನ್ನು ತನಿಖೆ ಮಾಡಲೇ ಇಲ್ಲ ಎಂದು ಆಕ್ಷೇಪಿಸಿತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಈ ಖುಲಾಸೆಗಳನ್ನು ಎತ್ತಿಹಿಡಿಯಿತು. ಉಳಿದದ್ದು ಆ ಒಂದೇ ಪ್ರಕರಣ: 2011ರಲ್ಲಿ ತಾನೇ ಮುದ್ರೆ ಒತ್ತಿದ್ದು. 2025ರ ನವೆಂಬರ್ 11ರಂದು ಮುಖ್ಯ ನ್ಯಾಯಮೂರ್ತಿ ಗವಾಯಿ, ಸೂರ್ಯಕಾಂತ್, ವಿಕ್ರಮ್ ನಾಥ್ ಅವರ ಪೀಠ ಕ್ಯುರೇಟಿವ್ ಅರ್ಜಿಯನ್ನು ಮನ್ನಿಸಿತು. 2002ರ ರೂಪಾ ಅಶೋಕ್ ಹುರ್ರಾ ತೀರ್ಪಿನಿಂದ ಹುಟ್ಟಿದ ಈ ಕೊನೆಯ ಬಾಗಿಲು ತೆರೆಯುವುದೇ ಅಪರೂಪ. ಅದೇ ತಪ್ಪೊಪ್ಪಿಗೆ, ಅದೇ ಬಗೆಯ ಜಪ್ತಿ ಹನ್ನೆರಡು ಪ್ರಕರಣಗಳಲ್ಲಿ ನಂಬಲು ಅರ್ಹವಲ್ಲವೆಂದಾದ ಮೇಲೆ ಹದಿಮೂರನೆಯದರಲ್ಲಿ ಮಾತ್ರ ನಿಲ್ಲಲಾರದು ಎಂದು ಪೀಠ ಹೇಳಿತು. ಕೋಲಿ ಖುಲಾಸೆಯಾದರು. ಆರಿಫ್ ತೀರ್ಪು ಒಂದು ವಾರ ತಡವಾಗಿದ್ದರೆ ಕಾನೂನಿನ ಕಣ್ಣಲ್ಲಿ ಈಗ ತಪ್ಪಿಲ್ಲದ ಒಬ್ಬರನ್ನು 2014ರಲ್ಲೇ ಕೊಂದಿರುತ್ತಿದ್ದೆವು. ಅದೇ ಹೊತ್ತಿಗೆ, ಮಕ್ಕಳನ್ನು ಕಳೆದುಕೊಂಡ ನಿಠಾರಿಯ ಬಡ ಕುಟುಂಬಗಳ ಕೈಗೆ ಹತ್ತೊಂಬತ್ತು ವರ್ಷದ ನಂತರ ಉಳಿದದ್ದು ಏನೂ ಇಲ್ಲ. ಕೆಟ್ಟ ತನಿಖೆ ಎರಡೂ ಕಡೆಯವರಿಗೆ ದ್ರೋಹ ಮಾಡಿತು.

ಆರಿಫ್ ಅವರಿಗೆ ಮಾತ್ರ ತಮ್ಮ ಹೆಸರಿನ ತೀರ್ಪಿನಿಂದ ಜೀವದಾನ ಸಿಗಲಿಲ್ಲ. ಕೆಂಪುಕೋಟೆ ದಾಳಿಯ ಆ ಪ್ರಕರಣದಲ್ಲಿ ಬಹಿರಂಗ ವಾದದ ನಂತರವೂ 2022ರ ನವೆಂಬರಿನಲ್ಲಿ ಪುನರ್‌ಪರಿಶೀಲನಾ ಅರ್ಜಿ ವಜಾ ಆಯಿತು. ಅವರು ತೆರೆಸಿದ ಬಾಗಿಲಿಂದ ಬೇರೆಯವರು ಪಾರಾದರು.

ಹಾಗೆ ಪಾರಾದವರಲ್ಲಿ ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನ ಕೂಲಿಕಾರರ ಕಥೆಯನ್ನು ಬಿಡುವಂತಿಲ್ಲ. 2003ರ ಜೂನ್ 5ರ ರಾತ್ರಿ ನಾಸಿಕ್ ಜಿಲ್ಲೆಯ ತೋಟವೊಂದರ ಗುಡಿಸಲಿಗೆ ನುಗ್ಗಿದ ಗುಂಪು ಐವರನ್ನು ಕೊಂದಿತ್ತು, ಹೆಂಗಸರ ಮೇಲೆ ಅತ್ಯಾಚಾರ ಮಾಡಿತ್ತು. ಸೆಷನ್ಸ್ ಕೋರ್ಟು 2006ರಲ್ಲಿ ಆರೂ ಜನರಿಗೆ ಗಲ್ಲು ಕೊಟ್ಟಿತು. ಬಾಂಬೆ ಹೈಕೋರ್ಟು ಮೂವರದನ್ನು ಉಳಿಸಿ, ಮೂವರದನ್ನು ಜೀವಾವಧಿಗೆ ಇಳಿಸಿತು. 2009ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ಇಬ್ಬರ ಪೀಠ ಆರೂ ಜನರಿಗೆ ಗಲ್ಲೇ ಎಂದಿತು. ಅವರಲ್ಲೊಬ್ಬರು ಕೃತ್ಯದ ಕಾಲಕ್ಕೆ ಬಾಲಕರಾಗಿದ್ದರು ಎಂಬುದು ಗೊತ್ತಾದದ್ದು ಆಮೇಲೆ. ಪುನರ್‌ಪರಿಶೀಲನೆ ತೆರೆದ ಕೋರ್ಟಿಗೆ ಬಂದಾಗ ಕಡತದಿಂದ ಮೇಲೆದ್ದ ಸಂಗತಿ ಬೆಚ್ಚಿಬೀಳಿಸುವಂಥದು. ಬದುಕುಳಿದ ಮಹಿಳೆ ಘಟನೆಯಾದ ಎರಡೇ ದಿನಕ್ಕೆ ಪೊಲೀಸರ ಫೋಟೊ ಆಲ್ಬಮ್ಮಿನಲ್ಲಿ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರು ಈ ಆರು ಜನರಲ್ಲಿ ಯಾರೂ ಅಲ್ಲ! ಅವರ ಮೇಲೆ ಆರೋಪವನ್ನೇ ಹೊರಿಸಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಕೋರ್ಟು ತನ್ನ 2009ರ ತೀರ್ಪನ್ನು ಹಿಂಪಡೆಯಿತು. 2019ರ ಮಾರ್ಚ್ 5ರಂದು ಎ.ಕೆ. ಸಿಕ್ರಿ, ಮೂಡಬಿದಿರೆ ಕಡೆಯವರಾದ ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ ಅವರ ಪೀಠ ಆರೂ ಜನರನ್ನು ಖುಲಾಸೆ ಮಾಡಿತು. ತಲಾ 5 ಲಕ್ಷ ರೂಪಾಯಿ ಕೊಡಲು ಮಹಾರಾಷ್ಟ್ರ ಸರ್ಕಾರಕ್ಕೆ ಆದೇಶಿಸಿ, ತಪ್ಪೆಸಗಿದ ತನಿಖಾಧಿಕಾರಿಗಳನ್ನು ಗುರುತಿಸಿ ಕ್ರಮ ಕೈಗೊಳ್ಳಲು ಹೇಳಿತು.

ಆ ಆಲ್ಬಮ್ಮಿನ ಗುರುತು 2003ರಿಂದ ದಾಖಲೆಯಲ್ಲೇ ಇತ್ತು. ಹೊಸ ಸಾಕ್ಷಿ ಬಂದಿರಲಿಲ್ಲ, ಹೊಸ ವಿಜ್ಞಾನ ಬಂದಿರಲಿಲ್ಲ. ಇದ್ದದ್ದನ್ನು ಓದಿ ಹೇಳಲು ಒಬ್ಬ ವಕೀಲನಿಗೂ, ಕೇಳಲು ಮೂವರು ನ್ಯಾಯಮೂರ್ತಿಗಳಿಗೂ ಅವಕಾಶವಾಯಿತು, ಅಷ್ಟೇ. ಚೇಂಬರಿನ ಸರ್ಕ್ಯುಲೇಷನ್ನಿನಲ್ಲಿ ಇಂಥ ಎಷ್ಟು ಕಡತಗಳು ಹಾದುಹೋದವೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ತಂಡ ದೇಶದ ಗಲ್ಲಿನ ಕೈದಿಗಳನ್ನು ಜೈಲುಜೈಲಿಗೆ ಹೋಗಿ ಮಾತಾಡಿಸಿ 2016ರಲ್ಲಿ ವರದಿ ಕೊಟ್ಟಿತು. ಅವರು ಪತ್ತೆಹಚ್ಚಿದ ಪ್ರಕಾರ 2000ದಿಂದ 2015ರವರೆಗೆ ವಿಚಾರಣಾ ನ್ಯಾಯಾಲಯಗಳು ಕೊಟ್ಟ ಗಲ್ಲುಗಳಲ್ಲಿ ಮೇಲಿನ ಕೋರ್ಟುಗಳ ತನಕ ಉಳಿದದ್ದು ಶೇ 5ಕ್ಕಿಂತ ಕಡಿಮೆ. ಸುಮಾರು ಶೇ 30ರಷ್ಟು ಜನ ಪೂರ್ತಿ ಖುಲಾಸೆ. ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಡವರು. ಕೆಲವರು ಈ ಅಂಕಿಗಳನ್ನು ಮುಂದಿಟ್ಟು ವ್ಯವಸ್ಥೆ ತಾನೇ ತಿದ್ದಿಕೊಳ್ಳುತ್ತಿದೆಯಲ್ಲ ಎನ್ನುತ್ತಾರೆ. ತಿದ್ದುಪಡಿಗೆ ಹಿಡಿದ ಹತ್ತು–ಹದಿನಾರು ವರ್ಷವನ್ನು ಆ ಮನುಷ್ಯರು ಎಲ್ಲಿ ಕಳೆದರು ಎಂದು ಅವರು ಕೇಳಿಕೊಳ್ಳಬೇಕು. ನಮ್ಮ ರಾಜ್ಯದ ಗಲ್ಲಿನ ಕೈದಿಗಳನ್ನು ಇಡುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಕ್ಷಮಾದಾನದ ತೀರ್ಮಾನವಾಗುವ ಮೊದಲೇ ಅಲ್ಲಿ ಒಬ್ಬ ಕೈದಿಯನ್ನು ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟದ್ದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಬಿ.ಎ. ಉಮೇಶ್ ಪ್ರಕರಣದಲ್ಲಿ ಹೇಳಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅಪರಾಧ ಸಾಬೀತಾದವರನ್ನೇ ಹಾಗಿಡುವಂತಿಲ್ಲ ಎಂದಾದರೆ, ತಪ್ಪೇ ಮಾಡದವರು ಅಂಥ ಕೋಣೆಯಲ್ಲಿ ಕಳೆದ ವರ್ಷಗಳಿಗೆ ಯಾರು ಹೊಣೆ?

ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ನಿಶ್ಚಿತ ಉತ್ತರವಿಲ್ಲ. ನಾಸಿಕ್ ಪ್ರಕರಣದವರಿಗೆ 5 ಲಕ್ಷ ಸಿಕ್ಕಿತು. ಅಕ್ಷರಧಾಮ ಪ್ರಕರಣದವರು ಪರಿಹಾರ ಕೇಳಿದಾಗ 2016ರಲ್ಲಿ ಅದೇ ಕೋರ್ಟು ಪುರಸ್ಕರಿಸಲಿಲ್ಲ. ಪೀಠದ ಮೇಲೆ ಕೂತವರು ಯಾರು ಎಂಬುದರ ಮೇಲೆ ಇದು ನಿಲ್ಲಬಾರದು. ಕಾನೂನು ಆಯೋಗ 2018ರ ಆಗಸ್ಟಿನಲ್ಲಿ ಕೊಟ್ಟ 277ನೇ ವರದಿಯಲ್ಲಿ, ತಪ್ಪು ಮೊಕದ್ದಮೆಗೆ ಬಲಿಯಾದವರ ಪರಿಹಾರಕ್ಕೆ ವಿಶೇಷ ನ್ಯಾಯಾಲಯಗಳನ್ನು ಸೂಚಿಸಿ ತಿದ್ದುಪಡಿಯ ಕರಡನ್ನೂ ಲಗತ್ತಿಸಿತು. 2023ರಲ್ಲಿ ಇಡೀ ದಂಡ ಪ್ರಕ್ರಿಯಾ ಸಂಹಿತೆಯನ್ನೇ ಬದಲಿಸಿದಾಗಲೂ ಆ ಕರಡು ಒಳಗೆ ಬರಲಿಲ್ಲ. 2025ರ ಜುಲೈಯಲ್ಲಿ ತಮಿಳುನಾಡಿನ ಗಲ್ಲಿನ ಕೈದಿಯೊಬ್ಬರನ್ನು ಕಟ್ಟವೆಳ್ಳೈ ಪ್ರಕರಣದಲ್ಲಿ ಖುಲಾಸೆ ಮಾಡುತ್ತಾ ಸುಪ್ರೀಂ ಕೋರ್ಟು ಡಿಎನ್‌ಎ ಮಾದರಿಗಳನ್ನು ಕಾಪಾಡುವ ಬಗ್ಗೆ ನಿರ್ದೇಶನ ಕೊಟ್ಟಿತು. ಪರಿಹಾರದ ಕಾನೂನು ಮಾಡಬೇಕಾದ್ದು ಶಾಸಕಾಂಗ ಎಂದಿತು.

ಈ ಸಂಚಿಕೆ ಬಿಡುಗಡೆಯಾಗುವ ಸಭೆಯಲ್ಲಿ ವಕೀಲ ಮಿತ್ರರ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಗಲ್ಲಿನ ಪ್ರಕರಣಗಳಲ್ಲಿ ಎಷ್ಟು ಪುನರ್‌ಪರಿಶೀಲನಾ ಅರ್ಜಿಗಳು ಬಂದವು, ಎಷ್ಟು ಮನ್ನಣೆ ಪಡೆದವು, ಯಾವ ತಪ್ಪಿಗಾಗಿ ಎಂಬುದನ್ನು ಸುಪ್ರೀಂ ಕೋರ್ಟಿನ ರಿಜಿಸ್ಟ್ರಿ ವರ್ಷಕ್ಕೊಮ್ಮೆ ಪ್ರಕಟಿಸಲಿ ಎಂದು ನಾವು ಬರೆದು ಕೇಳೋಣ. ಎರಡನೆಯದಾಗಿ, 277ನೇ ವರದಿಯ ಕರಡನ್ನು ಕನ್ನಡಕ್ಕೆ ತಂದು ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ 12 ರಾಜ್ಯಸಭಾ ಸದಸ್ಯರಿಗೂ ತಲುಪಿಸೋಣ. ಅನುವಾದದ ಕೆಲಸಕ್ಕೆ ನಾನು ಸಿದ್ಧ, ಜೊತೆಗೆ ಕೂರಲು ಕ್ರಿಮಿನಲ್ ಕಡೆಯ ನಾಲ್ಕು ಜನ ಕಿರಿಯ ವಕೀಲರು ಬೇಕು.